ನೆಲ ಕಾಯಲು ಒಂದೂವರೆ ಗಂಟೆ

ಕೋಣೆಗಳ ನೆಲದಡಿ ಬಿಸಿನೀರು ಹರಿಸುವ ಬಾಯ್ಲರಿನ ಪಂಪು ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ರಿಪೇರಿಗೆ ಬಂದಿದ್ದ ಸಾಂಗ್‌ತೆ ಅದರ ಮೂತಿಯ ನಡುವಿನ ತಿರುಪು ಬಿಚ್ಚಿ, ಒಳಗಿನ ಸೀಳಿಗೆ ಸ್ಕ್ರೂಡ್ರೈವರ್ ಕೊಟ್ಟು ಮೂರನೆಯ ಸಲ ತಿರುವಿದ. ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

“ಆಗುತ್ತೇನಪ್ಪಾ?” ಬೆನ್ನ ಹಿಂದಿನಿಂದ ಮಾಕ್‌ಸುನ್ ಅಜ್ಜಿ ಕೇಳಿದಳು. ಕೇಳುತ್ತಿರುವುದು ಏಳನೆಯ ಸಲ. “ಐದು ಗಂಟೆ ಬಸ್ಸಿಗೆ ಮಗ ಬರ್ತಾನೆ. ಅಷ್ಟರಲ್ಲಿ ಚಿಕ್ಕ ಕೋಣೆ ನೆಲ ಬಿಸಿ ಆಗ್ಲೇಬೇಕು.”

ಮಗ ಗಿಲ್‌ಜುನ್ ದೂರ ಸಮುದ್ರದ ಮೀನು ಹಡಗಿನವನು. ಮನೆ ಕಂಡು ಹದಿನಾಲ್ಕು ತಿಂಗಳು. ಚಿಕ್ಕ ಕೋಣೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದಾನೆಂದು ತಿಳಿದು, ಹಡಗು ಬಿಟ್ಟು, ಎರಡು ವಿಮಾನ ಬದಲಿಸಿ, ಈಗ ಸೋಕ್ಚೊ ಊರಿನ ಬಸ್ಸಿನಲ್ಲಿದ್ದಾನೆ. ಸಾಂಗ್‌ತೆ ಹೊಸ್ತಿಲಲ್ಲಿ ಬೂಟು ಬಿಚ್ಚುವಷ್ಟರಲ್ಲೇ ಅಜ್ಜಿ ಇಷ್ಟನ್ನೂ ಹೇಳಿ ಮುಗಿಸಿದ್ದಳು.

ಸಾಂಗ್‌ತೆಗೆ ಆ ಆತುರ ಗೊತ್ತು. ಆರು ವರ್ಷದ ಹಿಂದೆ ಅವನ ಅಪ್ಪ ಪ್ರಾಣ ಬಿಡುವಾಗ ಅವನು ಯಾರದೋ ಬಾಯ್ಲರಿನಡಿ ಅಂಗಾತ ಮಲಗಿದ್ದ. ಓಡಿಬಂದು ಹಿಡಿದಾಗ ಅಪ್ಪನ ಕೈ ತಣ್ಣಗಾಗಿತ್ತು. ಸಾವಿಗೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು: “ಕೊನೆ ಉಸಿರಿಗೆ ಇದ್ಯೇನಪ್ಪಾ?” ಇರಲಿಲ್ಲ ಎಂದು ಒಬ್ಬೊಬ್ಬರಿಗೂ ತಲೆ ತಗ್ಗಿಸಿದ್ದ. ಆ ತಲೆ ಇನ್ನೂ ಪೂರ್ತಿ ಮೇಲೆದ್ದಿಲ್ಲ.

ಬಾಯ್ಲರ್ ಹೊತ್ತಿಕೊಳ್ಳುತ್ತಿತ್ತು. ಎರಡು ನಿಮಿಷಕ್ಕೆ ಒಳಗಿನ ನೀರು ಕೊತಕೊತ ಕುದಿದು ಬೆಂಕಿ ತಾನಾಗಿ ಆರುತ್ತಿತ್ತು. ಹೋಗುವ ಕೊಳವೆ ಕೈ ಸುಡುತ್ತಿತ್ತು, ಮರಳುವ ಕೊಳವೆ ಮಂಜುಗಡ್ಡೆಯಾಗಿತ್ತು. ಬೆಂಕಿ ಇದೆ, ನೀರಿದೆ, ಕರೆಂಟಿದೆ. ಬಿಸಿನೀರನ್ನು ನೆಲದಡಿಗೆ ತಳ್ಳುವ ಪಂಪು ಮಾತ್ರ ಹಟ ಹಿಡಿದು ಕೂತಿದೆ. ನಾಳೆ ಹೊಸ ವರ್ಷದ ಹಬ್ಬ. ಬಿಡಿಭಾಗದ ಅಂಗಡಿಗಳೆಲ್ಲ ಬಾಗಿಲು ಹಾಕಿವೆ, ಹೊಸ ಪಂಪು ಬರಬೇಕಾದರೆ ನಾಲ್ಕು ದಿನ. ಇಪ್ಪತ್ತೆರಡು ವರ್ಷ ಈ ಕಸುಬು ಮಾಡಿದವನು ಅಂಗೈಯಗಲದ ಕಬ್ಬಿಣದ ಮುಂದೆ ಕೈಚೆಲ್ಲಿ ಕೂತ.

ಇನ್ನೆಲ್ಲಾದರೂ ದಾರಿ ಕಟ್ಟಿದೆಯೇ ಎಂದು ಅಡುಗೆಮನೆಯ ಸಿಂಕಿನಡಿ ಬಗ್ಗಿ ನೋಡಿದ. ಕೋಣೆಕೋಣೆಗೆ ನೀರು ಹಂಚುವ ನಾಲ್ಕು ನಲ್ಲಿಗಳು. ಮೂರು ತೆರೆದಿದ್ದವು. ಚಿಕ್ಕ ಕೋಣೆಯದು ಬಿಗಿಯಾಗಿ ಮುಚ್ಚಿತ್ತು.

ಗ್ಯಾಸು ಉಳಿಸಲು ನಲ್ಲಿ ಮುಚ್ಚುವ ಮುದುಕಿಯರ ಜೊತೆ ಅವನದು ದಿನದ ಜಗಳ. ಆದರೆ ಅವರೂ ಖಾಲಿ ಕೋಣೆಯದನ್ನು ಮುಚ್ಚುತ್ತಾರೆ.

“ಇದನ್ನ ಯಾರಮ್ಮಾ ಮುಚ್ಚಿದ್ದು?”

“ನಾನೇ. ನಿನ್ನೆ ಬೆಳಗ್ಗೆ.”

“ಒಳಗೆ ಕಾಯಿಲೆ ಮನುಷ್ಯ ಮಲಗಿದಾರಲ್ಲಾ!”

“ಅವರಿಗೀಗ ಬಿಸಿ ಆಗಿಬರಲ್ಲ.”

“ಮತ್ತೆ ಸಂಜೆ ಹೊತ್ತಿಗೆ ಮಾತ್ರ ಬಿಸಿ ಬೇಕಾ? ಮಗನ ಕಣ್ಣಿಗೆ ಒಳ್ಳೆಯವರಾಗೋಕೆ?”

ಅಜ್ಜಿ ಗೋಡೆಯ ಗಡಿಯಾರ ನೋಡಿದಳು. ಸಾಂಗ್‌ತೆಗೆ ಮೈಯೆಲ್ಲ ಉರಿಯಿತು. ಅರಳುಮರಳೋ, ಐವತ್ತು ವರ್ಷದ ಹಳೆಯ ಹಗೆಯೋ. ಯಾವುದಾದರೇನು, ಹೊರಗೆ ಬಕೆಟ್ಟಿನ ನೀರು ಹೆಪ್ಪುಗಟ್ಟಿರುವ ದಿನ ಕೈಲಾಗದ ಮುದುಕನನ್ನು ತಣ್ಣನೆಯ ನೆಲದ ಮೇಲೆ ಮಲಗಿಸುವುದೇ? ಅವನು ನಲ್ಲಿ ತೆರೆಯಲು ಕೈ ಹಾಕಿದ. ಅಜ್ಜಿ ಆ ಕೈಯನ್ನು ಹಿಡಿದುಕೊಂಡಳು.

“ನೆಲ ಕಾಯೋಕೆ ಎಷ್ಟು ಹೊತ್ತು ಬೇಕು?”

“ಒಂದೂವರೆ ಗಂಟೆ.”

“ಹಾಗಾದ್ರೆ ಮೂರೂವರೆಗೆ ನಾನೇ ತೆಗೀತೀನಿ. ನೀನು ಪಂಪು ನೋಡಪ್ಪಾ.”

ಅಷ್ಟರಲ್ಲಿ ಫೋನು ರಿಂಗಾಯಿತು. ಮಗನ ಒಡಕು ದನಿ ಅಡುಗೆಮನೆಗೆಲ್ಲ ಕೇಳಿಸಿತು. “ಅಪ್ಪಂಗೆ ಒಂಚೂರು ಕೊಡಮ್ಮಾ.”

“ಮಲಗಿದಾರೆ ಕಣೋ, ಎಬ್ಬಿಸೋದು ಬೇಡ. ನಿನ್ನ ದಾರೀನೇ ಕಾಯ್ತಿದ್ರು. ಊಟ ಮಾಡಿದ್ಯಾ?”

ಫೋನಿಟ್ಟು ಅಜ್ಜಿ ಸೊಂಟಕ್ಕೆ ಕಟ್ಟಿದ್ದ ಅಡುಗೆ ಬಟ್ಟೆಯ ತುದಿಯಿಂದ ಮೂಗು ಒರೆಸಿಕೊಂಡಳು. ನಾಟಕ ಬೇರೆ, ಎಂದುಕೊಂಡ ಸಾಂಗ್‌ತೆ. ಇವಳಿಗಾಗಿ ಅಲ್ಲ, ಒಳಗಿರುವ ಆ ಮುದುಕನಿಗಾಗಿ ಈ ಪಂಪು ತಿರುಗಲೇಬೇಕು.

ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಪಂಪಿಗೆ ಸುತ್ತಿದ. ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದ. ಮತ್ತೆ ಸ್ಕ್ರೂಡ್ರೈವರ್ ಕೊಟ್ಟು, ಹಲ್ಲು ಕಚ್ಚಿ, ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಮಾಡಿದ. ಗಂಟೆ ಮೂರಾಗುವಾಗ ಒಳಗೆಲ್ಲೋ ಕಟ್ ಎಂದಿತು. ಗುಂಯ್ ನಿಂತು ಸರ್‌ರ್ ಎಂಬ ಹರಿವಿನ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಮರಳುವ ಕೊಳವೆ ಉಗುರುಬೆಚ್ಚಗಾಯಿತು.

“ಬೇರಿಂಗ್ ಸತ್ತಿದೆ ಅಮ್ಮಾ. ನಾಳೆ ಬೆಳಗ್ಗೆ ಹೊತ್ತಿಗೆ ಮತ್ತೆ ಹಿಡಕೊಳ್ಳುತ್ತೆ. ಹಬ್ಬ ಕಳೀಲಿ, ಹೊಸದು ಹಾಕ್ತೀನಿ.”

“ಇವತ್ತು ಸಂಜೆ ತನಕ ನಡೆದ್ರೆ ಸಾಕು ಕಣಪ್ಪಾ. ನಾಳೆಗೆ ಬೇಡ.”

ಮೂರೂವರೆಗೆ ಸರಿಯಾಗಿ ಅವಳು ಸಿಂಕಿನಡಿ ಕೂತು ನಲ್ಲಿ ತೆರೆದಳು. ಸಾಂಗ್‌ತೆ ಹೊರಡದೆ ಕಾದ. ನೆಲ ಮುಟ್ಟಿ ನೋಡದೆ ಮನೆ ಬಿಡುವುದು ಅವನ ಕಸುಬಿನಲ್ಲಿಲ್ಲ. ನಾಲ್ಕು ದಾಟಿದ ಮೇಲೆ ಅಜ್ಜಿ ಬೇಡವೆಂದರೂ ಕೇಳದೆ ಚಿಕ್ಕ ಕೋಣೆಯ ಬಾಗಿಲು ಸರಿಸಿದ.

ಹೊದಿಕೆಯಡಿ ಮುದುಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಸಾಂಗ್‌ತೆ ಮಂಡಿಯೂರಿ ಅಂಗೈ ಊರಿದ. ನೆಲ ಕಾಯುತ್ತಿತ್ತು. ಸಮಾಧಾನದಿಂದ ಕೈ ಸರಿಸುತ್ತ ಹೋದವನ ಬೆರಳಿಗೆ ಹೊದಿಕೆಯಂಚಿನಲ್ಲಿ ಮುದುಕನ ಕೈ ತಾಗಿತು. ಆರು ವರ್ಷದ ಹಿಂದೆ ಅಪ್ಪನ ಕೈಯಲ್ಲಿ ಮುಟ್ಟಿದ್ದ ಅದೇ ತಣ್ಪು.

ಅವನು ಬೆಚ್ಚಿ ತಿರುಗಿದಾಗ ಅಜ್ಜಿ ಪಕ್ಕದಲ್ಲೇ ಕೂತು, ಗಂಡನ ಕೈಯನ್ನು ಎರಡೂ ಕೈಗಳಿಂದ ಎತ್ತಿ, ಕಾಯುತ್ತಿದ್ದ ನೆಲದ ಮೇಲೆ ಅಂಗೈ ಊರುವಂತೆ ಇಡುತ್ತಿದ್ದಳು.

“ಮಗ ಹಿಡಿದಾಗ ಈ ಕೈ ಬೆಚ್ಚಗಿದ್ರೆ ಸಾಕು ಕಣಪ್ಪಾ, ತಾನು ಬಂದ್ಮೇಲೇನೇ ಅಪ್ಪ ಹೋದ್ರು ಅಂದ್ಕೋತಾನೆ.”