ಕೊನೆಯ ಬಳಕೆದಾರ

ಒಂದೇ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿಯೂ ಹೊಸದೂ ಲಿನಕ್ಸ್ ಕಂಪ್ಯೂಟರಿನಲ್ಲಿ ಜಗಳವಾಡದೆ ಇರುವಂತೆ ಸಿದ್ಧಪಡಿಸಿ ಹಂಚುವ ಕೆಲಸವನ್ನು ಇಂದುಧರ ಸಂಬಳವಿಲ್ಲದೆ ಮಾಡುತ್ತಿದ್ದ. ಅವನಿಗೆ ತಿಳಿದ ಮಟ್ಟಿಗೆ ಹಳೆಯದನ್ನು ಬಳಸುವವರೆಂದು ಉಳಿದಿದ್ದವರು ಗದಗಿನ ಶಂಕ್ರೆಪ್ಪ ಮಾಸ್ತರರೊಬ್ಬರೇ. ಅದು ಕೆಟ್ಟಿದೆಯೆಂದು ಆಗಾಗ ಅವರ ಇಮೇಲ್ ಬರುತ್ತಿತ್ತು. ಇಂದುಧರನಿಗೆ ಬೇರೆ ಯಾರೂ ಬರೆಯುತ್ತಿರಲಿಲ್ಲ. ಕೊನೆಗೆ ಈ ಕೆಲಸ ನೋಡಿಕೊಳ್ಳುವ ತಂಡದವರು ಹಳೆಯದನ್ನು ಕೈಬಿಡಲು ಹೇಳಿದಾಗ ಅವನು ಅಳುಕುತ್ತಲೇ ಫೋನ್ ಮಾಡಿದ.

"ಮಾಸ್ತರೇ, ಹಳೇದನ್ನ ತೆಗೀಬೇಕಾಗಿದೆ. ನಿಮ್ಮ ಕೆಲಸ ನಿಂತುಹೋಗುತ್ತೆ, ಕ್ಷಮಿಸಿ."

"ಏನೂ ನಿಲ್ಲೂದಿಲ್ರಿ. ನಾ ಹೊಸಾದಕ್ಕ ಬಂದು ಭಾಳ ವರ್ಷ ಆತು."

"ಮತ್ತೆ ಹಳೇದು ಕೆಟ್ಟಿದೆ ಅಂತ ಬರೀತಾನೇ ಇದ್ರಲ್ಲ?"



"ಯುಗಾದಿ ದಿನಾನೂ ನೀವು ಕೂಡ್ಲೇ ಉತ್ತರ ಬರೀತಿದ್ರಿ. ನಿಮ್ಮ ಮನ್ಯಾಗ ಮಾತಾಡ್ಲಿಕ್ಕೆ ಯಾರೂ ಇಲ್ಲಂತ ಗೊತ್ತಾತ್ರಿ."