ಕಾಲಿಗೆ ಕಟ್ಟಿದ ಭಾರ

ಚಂದ್ರನ ಮೇಲಿನ ನಮ್ಮ ಕಾಲೊನಿಯಲ್ಲಿ ಪ್ರತಿ ಶುಕ್ರವಾರ ಸಂಜೆ ಮನೆಮಂದಿಯೆಲ್ಲ ಸೇರಿ ಕೋಲಾಟ ಆಡಬೇಕೆಂದು ಹಟ ಹಿಡಿದವರು ನಮ್ಮ ಅತ್ತೆ ಸಾಕಮ್ಮ. ಊಟದ ಕೋಣೆಯ ಮೇಜುಗಳನ್ನು ಸರಿಸಿದೆವು, ಹಳೆಯ ನೀರಿನ ಪೈಪು ಕೊಯ್ದು ಕೋಲು ಮಾಡಿದೆವು. ಆದರೆ ಮೊದಲ ವಾರ ಆಟ ಕೂಡಿಬರಲೇ ಇಲ್ಲ. ಹೆಜ್ಜೆ ಎತ್ತಿದ ಮಕ್ಕಳು ನಮ್ಮ ತಲೆಮಟ್ಟಕ್ಕೆ ತೇಲಿ, ಹಾಡಿನ ಸಾಲು ಮುಗಿದ ಮೇಲೆ ನಿಧಾನವಾಗಿ ಇಳಿಯುತ್ತಿದ್ದವು. ಇಲ್ಲೇ ಹುಟ್ಟಿದವು, ಅವಕ್ಕೆ ಅದೇ ಕುಣಿತ.

"ಹಾಡನ್ನೇ ನಿಧಾನ ಮಾಡಿ ಅತ್ತೆ," ಎಂದೆ.

"ಹಾಡ್ಯಾಕವ್ವ ಬದಲಾಗ್ಬೇಕು? ಕಾಲು ಬರ್ಲಿ ನೆಲಕ್ಕೆ," ಎಂದರು.

ಮುಂದಿನ ವಾರ ಅವರು ಹಳೆ ಸೀರೆ ಹರಿದು ಚೀಲಗಳನ್ನು ಹೊಲಿದು, ಕೆಟ್ಟ ಯಂತ್ರಗಳ ಕಬ್ಬಿಣ ತುಂಬಿ, ಎಲ್ಲರ ಸೊಂಟಕ್ಕೂ ಕಾಲಿಗೂ ಕಟ್ಟಿದರು. ಮಕ್ಕಳು ಗೊಣಗಿದವು. ಅತ್ತೆ ಪದ ಎತ್ತಿದರು. ಈ ಸಲ ಕೋಲಿಗೆ ಕೋಲು ಕೂಡಿತು, ಹೆಜ್ಜೆಗಳು ಒಟ್ಟಿಗೆ ಧಪ್ಪೆಂದು ನೆಲಕ್ಕೆ ಬಿದ್ದವು. ಆ ಸದ್ದು ಕೇಳಿ ಎಷ್ಟು ವರ್ಷವಾಗಿತ್ತೋ. ನನ್ನ ಗಂಡ ಆಟ ಮರೆತು ತನ್ನ ಪಾದಗಳನ್ನೇ ನೋಡುತ್ತ ನಿಂತುಬಿಟ್ಟ.

ಮಗಳು ಚಿನ್ಮಯಿ ಏದುಸಿರು ಬಿಡುತ್ತ ಬಂದಳು. "ಭೂಮೀಲಿ ನೀವೆಲ್ಲ ಯಾವಾಗ್ಲೂ ಇಷ್ಟು ಭಾರ ಇದ್ರಾ ಅಮ್ಮ? ಪಾಪ."

"ಹೂಂ ಕಣೆ," ಎಂದೆ.

ಆಟ ಮುಗಿದದ್ದೇ ಮಕ್ಕಳು ಚೀಲ ಬಿಚ್ಚಿ ಮೂಲೆಗೆಸೆದು, ಜಿಗಿಯುತ್ತ ತೇಲುತ್ತ ಮನೆಗೆ ಹೋದವು. ನಾವು ದೊಡ್ಡವರು ಮೇಜುಗಳನ್ನು ಜೋಡಿಸಿ ದೀಪ ಆರಿಸಿದೆವು. ಚೀಲ ಮಾತ್ರ ಯಾರೂ ಬಿಚ್ಚಲಿಲ್ಲ. ಕಟ್ಟಿಕೊಂಡೇ, ಒಂದೊಂದೇ ಹೆಜ್ಜೆಯನ್ನು ನೆಲಕ್ಕೆ ಊರುತ್ತ ಮನೆಗೆ ನಡೆದೆವು.