ಅಮ್ಮನ ಕಂಡಿಕೆ

ಹೊಸ ಕೈಮಗ್ಗದ ಸೀರೆಯ ಗಂಜಿಯ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ಎದ್ದು ಬರುತ್ತದೆ, ಎಷ್ಟು ನಿಜವೋ ಗೊತ್ತಿಲ್ಲ. ಕಾಸರಗೋಡಿನ ನಮ್ಮ ಮಗ್ಗದ ಮನೆಗೆ ಒಬ್ಬ ಬಿಳಿ ದೊರೆ ಬಂದಿದ್ದ. ಗಾಳದ ಕೊಕ್ಕೆಗೆ ಕೋಳಿಗರಿಯನ್ನು ರೇಷ್ಮೆ ನೂಲಿನಿಂದ ಬಿಗಿದು ಸುಳ್ಳು ನೊಣ ಮಾಡುವ ಹುಚ್ಚು ಅವನದು. ಆ ನೂಲು ಸುತ್ತಿಕೊಳ್ಳಲು, ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕೊಳವೆ, ಒಂದು ಕಂಡಿಕೆ ಬೇಕಿತ್ತು.

“ಹೊಳೆಯ ಮೀನಿಗೆ ಎರೆಹುಳ ಸಾಲದಂತೆ. ನೊಣಕ್ಕೂ ಅಂಗಿ ಹೊಲೀತಾನೆ, ಹುಚ್ಚು ಮರ್ಲ,” ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿ, ಹೊಸ ಕಂಡಿಕೆಗಳ ಬುಟ್ಟಿಯನ್ನು ಮುಂದೆ ತಳ್ಳಿದಳು. ದೊರೆ ಬಣ್ಣ ನೋಡಿ ಒಂದನ್ನು ಆರಿಸಿದ.

“ಅದರ ಅಂಚಿಗೆ ನೂಲು ತುಂಡಾಗ್ತದೆ,” ಎಂದೆ ನಾನು, ದೊಡ್ಡ ಜಾಣೆಯಂತೆ. “ಅಮ್ಮನದ್ದು ನುಣುಪು ಉಂಟು.”

ಅಜ್ಜಿಯ ಕಾಲದಿಂದ ಬೆರಳಲ್ಲಿ ಸವೆದಿದ್ದ ಆ ಕಂಡಿಕೆ ಅಮ್ಮನ ಲಾಳಿಯಿಂದ ದೊರೆಯ ಜೇಬಿಗೆ ಹೋಯಿತು. ದೊರೆ ಕೈಚಾಚಿದರೆ ಇಲ್ಲವೆನ್ನುವ ಕಾಲವಲ್ಲ ಅದು. ನನಗೊಂದು ಪೆಪ್ಪರ್‌ಮಿಂಟು ಸಿಕ್ಕಿತು.

“ತಿನ್ನು. ದುಡಿದದ್ದಲ್ವಾ ನೀನು,” ಎಂದಳು ಅಮ್ಮ.

ಆಮೇಲೆ ನನ್ನತ್ತ ನೋಡದೆ, ಅವನು ಬಿಟ್ಟುಹೋದ ಕಂಡಿಕೆಯನ್ನೇ ಲಾಳಿಗೆ ಹಾಕಿ ನೇಯತೊಡಗಿದಳು. ಗಳಿಗೆಗೊಮ್ಮೆ ನೂಲು ತುಂಡಾಗುತ್ತಿತ್ತು. ಪೆಪ್ಪರ್‌ಮಿಂಟು ಬಾಯಲ್ಲಿ ಕಹಿಯಾಯಿತು ಎಂದು ಬರೆದರೆ ಚೆಂದ. ಕಹಿಯಾಗಲಿಲ್ಲ. ಕೊನೆಯವರೆಗೂ ಚೀಪಿದೆ.